'ಸೇ' ಅನ್ನಬೇಕಾ, 'ಟೆಲ್' ಅನ್ನಬೇಕಾ? ಇಂಗ್ಲಿಷ್ ಕ್ರಿಯಾಪದಗಳ ಗೊಂದಲ: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ನನಗೆ ಬರುವ ಪ್ರಶ್ನೆಗಳಲ್ಲಿ ಕ್ರಿಯಾಪದಗಳದ್ದೇ ಜಾಸ್ತಿ. ಒಂದೇ ಪ್ರಶ್ನೆಯನ್ನು ಹತ್ತು ಜನ ಹತ್ತು ರೀತಿಯಲ್ಲಿ ಕೇಳುತ್ತಾರೆ. ಅವುಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಇಂಗ್ಲಿಷ್ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಕಿವಿಗೆ ಬಿದ್ದರೆ ಬೇಗ ನಿಲ್ಲುತ್ತದೆ.

ವ್ಯಾಕರಣ ಗೊತ್ತು, ಪದವೂ ಗೊತ್ತು. ಆದರೂ ಮಾತಾಡುವಾಗ ತಪ್ಪು ಕ್ರಿಯಾಪದ ಯಾಕೆ ಬಾಯಿಗೆ ಬರುತ್ತದೆ?

ಕನ್ನಡದಲ್ಲಿ ಒಂದೇ ಪದ ಮಾಡುವ ಕೆಲಸವನ್ನು ಇಂಗ್ಲಿಷ್‌ನಲ್ಲಿ ಎರಡು ಮೂರು ಪದಗಳು ಹಂಚಿಕೊಂಡಿವೆ. 'ನೋಡು' ಅಂದರೆ 'ಸೀ', 'ಲುಕ್', 'ವಾಚ್' ಮೂರೂ ಹೌದು. 'ಕೇಳು' ಅಂದರೆ 'ಹಿಯರ್', 'ಲಿಸನ್', ಸಾಲದ್ದಕ್ಕೆ 'ಆಸ್ಕ್' ಕೂಡ. ನಾವು ಯೋಚಿಸುವುದು ಕನ್ನಡದಲ್ಲಿ. ಹಾಗಾಗಿ ಮೂರರಲ್ಲಿ ಯಾವುದು ಮೊದಲು ಕೈಗೆ ಸಿಗುತ್ತದೋ ಅದನ್ನೇ ಎತ್ತಿಕೊಳ್ಳುತ್ತೇವೆ.

ಇದು ನಮ್ಮೊಬ್ಬರ ತೊಂದರೆ ಅಲ್ಲ. ಜರ್ಮನ್ ಭಾಷೆಯ 'ಲೈಯೆನ್' ಅನ್ನುವ ಒಂದೇ ಪದಕ್ಕೆ ಸಾಲ ಕೊಡುವುದು, ಸಾಲ ಪಡೆಯುವುದು ಎರಡೂ ಅರ್ಥ ಇದೆ. ಫ್ರೆಂಚ್‌ನವರ 'ಫೇರ್' ನಮ್ಮ 'ಮಾಡು' ಇದ್ದ ಹಾಗೆ, 'ಡು' ಮತ್ತು 'ಮೇಕ್' ಎರಡಕ್ಕೂ ಅದೇ. ಅವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಕ್ರಿಯಾಪದದ ಅರ್ಥವನ್ನಷ್ಟೇ ಬಾಯಿಪಾಠ ಮಾಡಬೇಡಿ, ಅದರ ಪಕ್ಕದಲ್ಲಿ ಏನು ಬಂದು ಕೂರುತ್ತದೆ ಅನ್ನುವುದನ್ನು ನೋಡಿ. ಮನುಷ್ಯರಾ? ವಸ್ತುವಾ? 'ಟು' ಬೇಕಾ, ಬೇಡವಾ? ಅರ್ಥ ಒಂದೇ ಅನ್ನಿಸುವ ಎರಡು ಪದಗಳ ಪಕ್ಕದ ಮನೆ ಮಾತ್ರ ಬೇರೆ ಬೇರೆ ಇರುತ್ತದೆ. ಕೆಳಗಿನ ಉತ್ತರಗಳನ್ನು ಹೀಗೇ ಓದಿಕೊಂಡು ಹೋಗಿ.

'ಸೇ' ಮತ್ತು 'ಟೆಲ್' ಎರಡೂ 'ಹೇಳು' ತಾನೇ?

ಹೌದು. ಆದರೆ 'ಟೆಲ್' ಬಂದ ತಕ್ಷಣ ಯಾರಿಗೆ ಹೇಳಿದ್ದು ಅನ್ನುವುದೂ ಬರಬೇಕು. 'ಶೀ ಟೋಲ್ಡ್ ಮೀ', 'ಐ ಟೋಲ್ಡ್ ಮೈ ಬ್ರದರ್'. 'ಸೇ' ಬಂದರೆ ಏನು ಹೇಳಿದ್ದು ಅನ್ನುವುದು ಮೊದಲು ಬರುತ್ತದೆ. 'ಶೀ ಸೆಡ್ ಶೀ ವಾಸ್ ಟೈರ್ಡ್'. ಯಾರಿಗೆ ಅಂತಲೂ ಹೇಳಬೇಕಿದ್ದರೆ ನಡುವೆ 'ಟು' ಬೇಕು. 'ವಾಟ್ ಡಿಡ್ ಶೀ ಸೇ ಟು ಯು?'

'ಹೀ ಸೆಡ್ ಮೀ' ಅನ್ನುವ ತಪ್ಪು ನಮ್ಮವರ ಬಾಯಲ್ಲಿ ತುಂಬ ಬರುತ್ತದೆ. ಕಾರಣ ಸುಲಭ. 'ನನಗೆ' ಅನ್ನುವ ಪದದಲ್ಲಿ 'ಗೆ' ಒಳಗೇ ಅಂಟಿಕೊಂಡಿದೆ. ಇಂಗ್ಲಿಷ್‌ಗೆ ಹೋಗುವಾಗ ಆ 'ಗೆ' ಕಳೆದುಹೋಗುತ್ತದೆ, ಬರೀ 'ಮೀ' ಉಳಿಯುತ್ತದೆ. 'ಎಕ್ಸ್‌ಪ್ಲೇನ್ ಮೀ' ಅನ್ನುವುದೂ ಇದೇ ತಪ್ಪು. ಸರಿಯಾದದ್ದು 'ಎಕ್ಸ್‌ಪ್ಲೇನ್ ಇಟ್ ಟು ಮೀ'. 'ಸಜೆಸ್ಟ್' ಕೂಡ ಹಾಗೇ.

ಯಾರಿಗಾದರೂ ಏನಾದರೂ ಮಾಡು ಅಂತ ಹೇಳಿದ್ದರೆ 'ಟೆಲ್' ಬಳಸಿ. 'ದೇ ಟೋಲ್ಡ್ ಅಸ್ ಟು ವೇಟ್'. ಇನ್ನು ಕೆಲವು ಜೋಡಿಗಳಲ್ಲಿ ಮನುಷ್ಯರು ಪಕ್ಕದಲ್ಲಿ ಇಲ್ಲದಿದ್ದರೂ 'ಟೆಲ್' ಬರುತ್ತದೆ. 'ಟೆಲ್ ದ ಟ್ರೂತ್', 'ಟೆಲ್ ಎ ಲೈ', 'ಟೆಲ್ ಎ ಸ್ಟೋರಿ', 'ಟೆಲ್ ದ ಡಿಫರೆನ್ಸ್'. ಇವನ್ನು ಹಾಗೇ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿ ಇಲ್ಲ.

'ಸ್ಪೀಕ್' ಮತ್ತು 'ಟಾಕ್'?

ಇವೆರಡರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಭಾಷೆಯ ಹೆಸರು ಬಂದರೆ 'ಸ್ಪೀಕ್'. ಇಬ್ಬರು ಕೂತು ಹರಟೆ ಹೊಡೆದರೆ 'ಟಾಕ್'. ಉಳಿದ ಕಡೆ ಬಹಳ ಸಲ ಎರಡೂ ನಡೆಯುತ್ತವೆ, 'ಸ್ಪೀಕ್' ಸ್ವಲ್ಪ ಗಂಭೀರ ಅಷ್ಟೇ.

'ಸೀ', 'ಲುಕ್', 'ವಾಚ್' ಮೂರನ್ನೂ ಹೇಗೆ ಬೇರೆ ಮಾಡುವುದು?

ಇದಕ್ಕೆ ಕನ್ನಡದಲ್ಲೇ ಉತ್ತರ ಇದೆ. ಈ ವಾಕ್ಯ ನೋಡಿ: 'ಆಕಾಶದ ಕಡೆ ನೋಡಿದೆ, ಒಂದು ನಕ್ಷತ್ರವೂ ಕಾಣಿಸಲಿಲ್ಲ.' ನೋಡಿದ್ದು ನಾನು, ಬೇಕು ಅಂತಲೇ ಕಣ್ಣು ತಿರುಗಿಸಿ ನೋಡಿದ್ದು. ಕಾಣಿಸುವುದು, ಬಿಡುವುದು ನನ್ನ ಕೈಯಲ್ಲಿ ಇರಲಿಲ್ಲ. ಬೇಕು ಅಂತ ನೋಡಿದರೆ 'ಲುಕ್', ಕಣ್ಣಿಗೆ ಕಾಣಿಸಿದರೆ 'ಸೀ'. 'ಐ ಲುಕ್ಡ್ ಅಟ್ ದ ಸ್ಕೈ ಬಟ್ ಸಾ ನೋ ಸ್ಟಾರ್ಸ್'. 'ಲುಕ್' ಪಕ್ಕದಲ್ಲಿ 'ಅಟ್' ಇದೆ, ಗಮನಿಸಿದಿರಾ? ಯಾವುದನ್ನು ನೋಡಿದ್ದು ಅಂತ ಹೇಳುವಾಗ ಅದನ್ನು ಬಿಡುವ ಹಾಗಿಲ್ಲ.

'ವಾಚ್' ಅಂದರೆ ಕಣ್ಣಿಟ್ಟು ಕೂರುವುದು. ಎದುರಿಗಿರುವುದು ಓಡಾಡುತ್ತಿರಬೇಕು, ಬದಲಾಗುತ್ತಿರಬೇಕು, ಇಲ್ಲವೇ ಏನಾದರೂ ಆದೀತು ಅಂತ ನಾವು ಕಾಯುತ್ತಿರಬೇಕು. ಪಂದ್ಯವನ್ನು 'ವಾಚ್' ಮಾಡುತ್ತೇವೆ, ಫೋಟೊವನ್ನು 'ಲುಕ್ ಅಟ್' ಮಾಡುತ್ತೇವೆ. ಸಿನಿಮಾಗೆ 'ಸೀ', 'ವಾಚ್' ಎರಡೂ ಸರಿ. ಮನೆಯ ಟಿವಿಯಲ್ಲಾದರೆ 'ವಾಚ್' ಅನ್ನುವುದೇ ರೂಢಿ.

'ಹಿಯರ್' ಮತ್ತು 'ಲಿಸನ್' ಕೂಡ ಹೀಗೇ. ಕಿವಿಗೆ ಕೇಳಿಸಿದರೆ 'ಹಿಯರ್', ಗಮನ ಕೊಟ್ಟು ಕೇಳಿದರೆ 'ಲಿಸನ್ ಟು'. ಫೋನ್‌ನಲ್ಲಿ 'ನನ್ನ ಮಾತು ಕೇಳಿಸ್ತಿದೆಯಾ?' ಅನ್ನುವುದಕ್ಕೆ 'ಕ್ಯಾನ್ ಯು ಹಿಯರ್ ಮೀ?' ಅನ್ನಿ. 'ಆರ್ ಯು ಲಿಸನಿಂಗ್ ಟು ಮೀ?' ಅಂದರೆ 'ನನ್ನ ಮಾತಿನ ಮೇಲೆ ಗಮನ ಇದೆಯಾ?' ಅಂತ ಗದರಿದ ಹಾಗೆ ಆಗಬಹುದು. ಸಿಗ್ನಲ್ ಸರಿ ಇಲ್ಲದ್ದಕ್ಕೆ ಪಾಪ ಆ ಕಡೆಯವರು ಬೈಸಿಕೊಂಡಂತಾಗುತ್ತದೆ.

'ಡು' ಎಲ್ಲಿ, 'ಮೇಕ್' ಎಲ್ಲಿ? ಒಂದು ನಿಯಮ ಕೊಡಿ.

ಪುಸ್ತಕಗಳು ಕೊಡುವ ನಿಯಮ ಇದು: ಮೊದಲು ಇಲ್ಲದ್ದೊಂದು ಹೊಸದಾಗಿ ಹುಟ್ಟಿದರೆ 'ಮೇಕ್', ಕೆಲಸ ಮಾಡಿ ಮುಗಿಸಿದರೆ 'ಡು'. ಕುರ್ಚಿಯನ್ನು 'ಮೇಕ್' ಮಾಡುತ್ತಾರೆ, ಹೋಮ್‌ವರ್ಕನ್ನು 'ಡು' ಮಾಡುತ್ತಾರೆ. ಶುರುವಿಗೆ ಇದು ಸಾಕು. ಆದರೆ ಪೂರ್ತಿ ನಂಬಬೇಡಿ. 'ಡ್ಯಾಮೇಜ್' ಕೂಡ ಹೊಸದಾಗಿ ಆಗುವಂಥದ್ದೇ, ಆದರೂ ಅದಕ್ಕೆ 'ಡು' ಬರುತ್ತದೆ.

ಆದ್ದರಿಂದ ಜೋಡಿಯಾಗಿಯೇ ಕಲಿಯಿರಿ. 'ಮೇಕ್' ಜೊತೆ ಹೋಗುವವು: ಮಿಸ್ಟೇಕ್, ಡಿಸಿಷನ್, ಪ್ರಾಮಿಸ್, ನಾಯ್ಸ್, ಎಫರ್ಟ್, ಪ್ರೋಗ್ರೆಸ್, ಫೋನ್ ಕಾಲ್, ಎಕ್ಸ್‌ಕ್ಯೂಸ್. 'ಡು' ಜೊತೆ ಹೋಗುವವು: ಹೋಮ್‌ವರ್ಕ್, ಎಕ್ಸರ್‌ಸೈಜ್, ರಿಸರ್ಚ್, ಬಿಸಿನೆಸ್, ಫೇವರ್, ಡ್ಯಾಮೇಜ್. 'ಡನ್ ಎ ಮಿಸ್ಟೇಕ್' ಅನ್ನುವವರು ಇವತ್ತೇ 'ಮೇಡ್ ಎ ಮಿಸ್ಟೇಕ್' ಅಂತ ತಿದ್ದಿಕೊಳ್ಳಿ. ತಪ್ಪು ಒಪ್ಪಿಕೊಳ್ಳುವ ವಾಕ್ಯದಲ್ಲೇ ಇನ್ನೊಂದು ತಪ್ಪು ಆಗುವುದು ಬೇಡ.

ಇನ್ನೊಂದು ವಿಷಯ. ಕನ್ನಡದಲ್ಲಿ ಯಾವ ಪದಕ್ಕೆ ಬೇಕಾದರೂ 'ಮಾಡು' ಅಂಟಿಸಬಹುದು. ನಿದ್ದೆ ಮಾಡು, ಸ್ನಾನ ಮಾಡು, ಊಟ ಮಾಡು, ಜಗಳ ಮಾಡು. ಇವಕ್ಕೆಲ್ಲ ಇಂಗ್ಲಿಷ್‌ನಲ್ಲಿ 'ಡು' ಕೂಡ ಬೇಡ, 'ಮೇಕ್' ಕೂಡ ಬೇಡ. 'ಸ್ಲೀಪ್', 'ಈಟ್', 'ಫೈಟ್' ಒಂಟಿಯಾಗಿಯೇ ನಿಲ್ಲುತ್ತವೆ. ಸ್ನಾನಕ್ಕೆ 'ಹ್ಯಾವ್ ಎ ಬಾತ್' ಅಥವಾ 'ಟೇಕ್ ಎ ಬಾತ್'.

'ಬಾರೋ' ಮತ್ತು 'ಲೆಂಡ್' ಯಾವಾಗಲೂ ತಿರುಗುಮುರುಗಾಗುತ್ತವೆ. ಏನು ಮಾಡಲಿ?

ವಸ್ತು ಯಾವ ಕಡೆ ಹೋಗುತ್ತಿದೆ ನೋಡಿ. ನಮ್ಮ ಕಡೆ ಬಂದರೆ ನಾವು 'ಬಾರೋ' ಮಾಡಿದೆವು, ನಮ್ಮಿಂದ ಆಚೆ ಹೋದರೆ 'ಲೆಂಡ್' ಮಾಡಿದೆವು. 'ಬಾರೋ' ಪಕ್ಕದಲ್ಲಿ 'ಫ್ರಮ್' ಇರುತ್ತದೆ, 'ಲೆಂಡ್' ಪಕ್ಕದಲ್ಲಿ 'ಟು' ಅಥವಾ ನೇರವಾಗಿ ಮನುಷ್ಯರು. ಪೆನ್ ಬೇಕಿದ್ದರೆ 'ಕ್ಯಾನ್ ಐ ಬಾರೋ ಯುವರ್ ಪೆನ್?' ಅನ್ನಿ, ಇಲ್ಲವೇ 'ಕ್ಯಾನ್ ಯು ಲೆಂಡ್ ಮೀ ಯುವರ್ ಪೆನ್?' ಅನ್ನಿ. 'ಐ' ಇದ್ದರೆ 'ಬಾರೋ', 'ಯು' ಇದ್ದರೆ 'ಲೆಂಡ್'. ಕೇಳುವವರು ನೀವಾಗಿದ್ದಾಗ ಇಷ್ಟು ನೆನಪಿದ್ದರೆ ಆಯಿತು. ಭೂತಕಾಲದಲ್ಲಿ 'ಲೆಂಟ್', 'ಲೆಂಡೆಡ್' ಅಲ್ಲ.

'ಬ್ರಿಂಗ್' ಮತ್ತು 'ಟೇಕ್'?

'ತಾ' ಅಂದರೆ 'ಬ್ರಿಂಗ್', 'ತಗೊಂಡು ಹೋಗು' ಅಂದರೆ 'ಟೇಕ್'. ಮನುಷ್ಯರನ್ನು ಕರೆದುಕೊಂಡು ಬರುವುದಕ್ಕೂ ಹೋಗುವುದಕ್ಕೂ ಇವೇ ಪದಗಳು. ಎದುರಿನವರು ಇರುವ ಜಾಗಕ್ಕೆ ನಾವು ಹೋಗುವಾಗ 'ಬರುತ್ತೇನೆ, ತರುತ್ತೇನೆ' ಅನ್ನುತ್ತೇವೆ. ಇಂಗ್ಲಿಷ್ ಕೂಡ ಹಾಗೇ, 'ಐ ವಿಲ್ ಬ್ರಿಂಗ್ ಇಟ್ ಟು ಯು'. ಇಲ್ಲಿ ನಿಮ್ಮ ಕನ್ನಡವನ್ನೇ ನಂಬಿ.

'ಲೈ' ಮತ್ತು 'ಲೇ' ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಿಡಿಸಿ ಹೇಳುತ್ತೀರಾ?

ಇಂಗ್ಲಿಷ್ ಮನೆಮಾತಾಗಿರುವವರೂ ಇದರಲ್ಲಿ ತಪ್ಪುತ್ತಾರೆ. ಆದರೆ ಕನ್ನಡ ಗೊತ್ತಿರುವವರಿಗೆ ಇಲ್ಲೊಂದು ಅನುಕೂಲ ಇದೆ. ನಮ್ಮಲ್ಲಿ 'ಇಸು' ಇದೆ. ಮಲಗು, ಮಲಗಿಸು. ಏರು, ಏರಿಸು. ಬೀಳು, ಬೀಳಿಸು. ತಾನೇ ಆದರೆ ಒಂದು ರೂಪ, ಇನ್ನೊಂದಕ್ಕೆ ಆಗುವ ಹಾಗೆ ಮಾಡಿದರೆ ಇನ್ನೊಂದು ರೂಪ.

ಹಳೆಯ ಇಂಗ್ಲಿಷ್ ಮತ್ತು ಅದರ ಬಂಧು ಭಾಷೆಗಳಲ್ಲೂ ಇಂಥ ವ್ಯವಸ್ಥೆ ಇತ್ತು. ಅಲ್ಲಿ ಪ್ರತ್ಯಯದ ಜೊತೆಗೆ ಪದದ ಒಳಗಿನ ಸ್ವರವೂ ಬದಲಾಗುತ್ತಿತ್ತು. ಕಾಲ ಕಳೆದ ಹಾಗೆ ಪ್ರತ್ಯಯ ಸವೆದು ಹೋಯಿತು, ಸ್ವರದ ವ್ಯತ್ಯಾಸ ಮಾತ್ರ ಉಳಿಯಿತು. 'ಸಿಟ್' ಅಂದರೆ ಕೂರು, 'ಸೆಟ್' ಅಂದರೆ ಮೂಲದಲ್ಲಿ ಕೂರಿಸು. ಮರ 'ಫಾಲ್' ಆಗುತ್ತದೆ, ಮರ ಕಡಿಯುವವನು ಅದನ್ನು 'ಫೆಲ್' ಮಾಡುತ್ತಾನೆ. ತೋಯಿಸುವುದಕ್ಕೆ ಬಳಸುವ 'ಡ್ರೆಂಚ್' ಕೂಡ ಮೂಲದಲ್ಲಿ 'ಡ್ರಿಂಕ್' ಪದದ 'ಇಸು' ರೂಪ, ಅಂದರೆ ಕುಡಿಸು. ಇದನ್ನು ಮೊದಲ ಸಲ ಓದಿದಾಗ ನನಗೆ ತುಂಬ ಖುಷಿಯಾಗಿತ್ತು.

ಈಗ 'ಲೈ' ಅಂದರೆ ಮಲಗು, 'ಲೇ' ಅಂದರೆ ಮಲಗಿಸು ಅಥವಾ ಇಡು. 'ಐ ಲೈ ಆನ್ ದ ಬೆಡ್', 'ಐ ಲೇ ದ ಬುಕ್ ಆನ್ ದ ಟೇಬಲ್'. 'ಲೇ' ಪಕ್ಕದಲ್ಲಿ 'ಏನನ್ನು?' ಅನ್ನುವುದಕ್ಕೆ ಉತ್ತರ ಇರಲೇಬೇಕು. 'ಲೈ' ಪಕ್ಕದಲ್ಲಿ ಅದು ಇರುವುದಿಲ್ಲ.

ತಲೆನೋವು ಶುರುವಾಗುವುದು ಭೂತಕಾಲದಲ್ಲಿ. 'ಲೈ, ಲೇ, ಲೇನ್' ಒಂದು ಸಾಲು. 'ಲೇ, ಲೇಯ್ಡ್, ಲೇಯ್ಡ್' ಇನ್ನೊಂದು ಸಾಲು. ಮೊದಲನೆಯದರ ಭೂತಕಾಲವೂ ಎರಡನೆಯದರ ವರ್ತಮಾನವೂ ಒಂದೇ ರೂಪ. 'ಯೆಸ್ಟರ್‌ಡೇ ಐ ಲೇ ಆನ್ ದ ಬೆಡ್' ಸರಿಯಾದ ವಾಕ್ಯ, ನಿನ್ನೆ ಮಲಗಿದ್ದೆ ಅಂತ ಅರ್ಥ. ಸುಳ್ಳು ಹೇಳು ಅನ್ನುವ 'ಲೈ' ಬೇರೆಯೇ ಪದ. ಅದು ಸಾಧು, 'ಲೈಡ್' ಅಂದರೆ ಮುಗಿಯಿತು. ಎರಡು ಸಾಲನ್ನೂ ಮಗ್ಗಿ ಹೇಳುವ ಹಾಗೆ ಹತ್ತು ದಿನ ಹೇಳಿ.

'ರೈಸ್' ಮತ್ತು 'ರೇಝ್' ಕೂಡ ಇದೇ ರೀತಿಯಾ?

ಇದೇ ರೀತಿ, ಇದಕ್ಕಿಂತ ಸುಲಭ. ಸೂರ್ಯ 'ರೈಸ್' ಆಗುತ್ತಾನೆ, ನಾವು ಕೈಯನ್ನು 'ರೇಝ್' ಮಾಡುತ್ತೇವೆ. ಏಳು, ಎತ್ತು. 'ರೈಸ್, ರೋಸ್, ರಿಸನ್' ಒಂದು ಸಾಲು, 'ರೇಝ್, ರೇಝ್ಡ್, ರೇಝ್ಡ್' ಇನ್ನೊಂದು. 'ಲರ್ನ್' ಮತ್ತು 'ಟೀಚ್' ಅಂದರೆ ಕಲಿ, ಕಲಿಸು. 'ರಿಮೆಂಬರ್' ಮತ್ತು 'ರಿಮೈಂಡ್' ಅಂದರೆ ನೆನಪಿಟ್ಟುಕೋ, ನೆನಪಿಸು. 'ರಿಮೆಂಬರ್ ಮೀ ಟುಮಾರೋ' ಅಂದರೆ 'ನಾಳೆ ನನ್ನನ್ನು ನೆನೆಸಿಕೋ' ಅಂತ ಆಗುತ್ತದೆ. 'ನಾಳೆ ನೆನಪು ಮಾಡು' ಅನ್ನುವುದಕ್ಕೆ 'ರಿಮೈಂಡ್ ಮೀ ಟುಮಾರೋ'. ಲೋಟ ಕೈತಪ್ಪಿದರೆ 'ಐ ಫೆಲ್ ದ ಗ್ಲಾಸ್' ಅಲ್ಲ, 'ಐ ಡ್ರಾಪ್ಡ್ ದ ಗ್ಲಾಸ್'. ಬೀಳು, ಬೀಳಿಸು ಅಲ್ವಾ?

ಎಲ್ಲ ಪದಕ್ಕೂ ಇಂಥ ಜೋಡಿ ಹುಡುಕಬೇಡಿ. 'ಓಪನ್', 'ಬ್ರೇಕ್', 'ಚೇಂಜ್', 'ಸ್ಟಾಪ್' ಇವೆಲ್ಲ ಎರಡೂ ಕೆಲಸವನ್ನು ಒಂದೇ ರೂಪದಲ್ಲಿ ಮಾಡುತ್ತವೆ. ನಮ್ಮಲ್ಲಿ 'ಗಾಜು ಒಡೆಯಿತು', 'ಗಾಜು ಒಡೆದೆ' ಅನ್ನುವುದಿಲ್ಲವಾ, ಹಾಗೆ.

'ವಿ ವನ್ ದೆಮ್' ಅಂದರೆ ಯಾಕೆ ತಪ್ಪು?

'ವಿನ್' ಪಕ್ಕದಲ್ಲಿ ಪಂದ್ಯ, ಬಹುಮಾನ, ಚುನಾವಣೆ ಬರಬೇಕು. ಎದುರಾಳಿ ಬಂದರೆ 'ಬೀಟ್'. ಪಂದ್ಯವನ್ನು ಗೆದ್ದೆವು, ಅವರನ್ನು ಸೋಲಿಸಿದೆವು. 'ಸ್ಟೀಲ್' ಮತ್ತು 'ರಾಬ್' ನಡುವೆಯೂ ಇಷ್ಟೇ ವ್ಯತ್ಯಾಸ. ಕದ್ದ ವಸ್ತು ಪಕ್ಕದಲ್ಲಿದ್ದರೆ 'ಸ್ಟೀಲ್', ಕಳೆದುಕೊಂಡ ಮನುಷ್ಯರೋ ಬ್ಯಾಂಕೋ ಪಕ್ಕದಲ್ಲಿದ್ದರೆ 'ರಾಬ್'.

'ಡೌಟ್' ಮತ್ತು 'ಸಸ್ಪೆಕ್ಟ್' ಎರಡಕ್ಕೂ 'ಅನುಮಾನ' ಅಂತಲೇ ಇದೆ. ಯಾವುದನ್ನು ಬೇಕಾದರೂ ಬಳಸಬಹುದಾ?

ಖಂಡಿತ ಬೇಡ. ಈ ಜೋಡಿಯ ಬಗ್ಗೆ ನನಗೆ ನಿಜವಾಗಿ ಕಾಳಜಿ ಇದೆ, ಯಾಕೆಂದರೆ ಇಲ್ಲಿ ತಪ್ಪಿದರೆ ಅರ್ಥವೇ ತಲೆಕೆಳಗಾಗುತ್ತದೆ. 'ಐ ಡೌಟ್ ಹೀ ಟುಕ್ ಇಟ್' ಅಂದರೆ ಅವನು ತೆಗೆದುಕೊಂಡಿರಲಿಕ್ಕಿಲ್ಲ. 'ಐ ಸಸ್ಪೆಕ್ಟ್ ಹೀ ಟುಕ್ ಇಟ್' ಅಂದರೆ ಅವನೇ ತೆಗೆದುಕೊಂಡಿರಬೇಕು. ಒಂದು ವಾಕ್ಯ ಅವನನ್ನು ಬಿಡಿಸುತ್ತದೆ, ಇನ್ನೊಂದು ಸಿಕ್ಕಿಸುತ್ತದೆ.

ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರು ಆಫೀಸಿನ ಮೇಲ್‌ನಲ್ಲಿ, ಫೈಲ್ ಅಳಿಸಿದ್ದು ಇಂಥವರೇ ಇರಬೇಕು ಅಂತ ಹೇಳಲು ಹೋಗಿ 'ಐ ಡೌಟ್' ಅಂತ ಬರೆದಿದ್ದರು. ಓದಿದವರು ಉಲ್ಟಾ ಅರ್ಥ ಮಾಡಿಕೊಂಡರು. ಅಂಥ ಮೇಲ್ ಬರೆಯುವ ಮುಂಚೆ ಮನಸ್ಸಿನಲ್ಲಿ ಕನ್ನಡ ವಾಕ್ಯ ಹೇಳಿಕೊಳ್ಳಿ. ಕೊನೆಯಲ್ಲಿ 'ಇರಲಿಕ್ಕಿಲ್ಲ' ಬಂದರೆ 'ಡೌಟ್', 'ಇರಬೇಕು' ಬಂದರೆ 'ಸಸ್ಪೆಕ್ಟ್'.

ಏನಾದರೂ ಕೇಳುವುದಿದ್ದಾಗ 'ಐ ಹ್ಯಾವ್ ಎ ಡೌಟ್' ಅನ್ನುವುದು ನಮ್ಮಲ್ಲಿ ನಡೆಯುತ್ತದೆ. ಹೊರಗಿನವರಿಗೆ ಅದು 'ನಿಮ್ಮ ಮಾತು ನಂಬಿಕೆ ಬರುತ್ತಿಲ್ಲ' ಅಂದ ಹಾಗೆ ಕೇಳಿಸಬಹುದು. 'ಐ ಹ್ಯಾವ್ ಎ ಕ್ವೆಶ್ಚನ್' ಅನ್ನಿ.

'ರಿಫ್ಯೂಸ್' ಮತ್ತು 'ಡಿನೈ'?

'ಒಲ್ಲೆ' ಅಂದರೆ 'ರಿಫ್ಯೂಸ್', 'ಅಲ್ಲ, ಇಲ್ಲ' ಅಂದರೆ 'ಡಿನೈ'. 'ಹೀ ರಿಫ್ಯೂಸ್ಡ್ ಟು ಪೇ' ಅಂದರೆ ದುಡ್ಡು ಕೊಡಲ್ಲ ಅಂದ. 'ಹೀ ಡಿನೈಡ್ ಟೇಕಿಂಗ್ ದ ಮನಿ' ಅಂದರೆ ನಾನು ದುಡ್ಡು ತೆಗೆದುಕೊಂಡೇ ಇಲ್ಲ ಅಂದ.

'ಮಗಳು ಡಿಗ್ರಿ ಓದುತ್ತಿದ್ದಾಳೆ' ಅನ್ನುವುದಕ್ಕೆ 'ರೀಡಿಂಗ್' ಅನ್ನಬಹುದಾ?

'ಸ್ಟಡಿಯಿಂಗ್' ಅನ್ನಿ. ಪುಸ್ತಕ, ಪತ್ರಿಕೆ ಓದಿದರೆ 'ರೀಡ್', ಪಾಠ, ಕೋರ್ಸ್ ಓದಿದರೆ 'ಸ್ಟಡಿ'. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ 'ರೀಡಿಂಗ್ ಲಾ' ಅನ್ನುವ ಹಳೆಯ ರೂಢಿ ಇದೆ, ಅದು ಅವರಿಗಿರಲಿ.

'ವೇಟ್', 'ಎಕ್ಸ್‌ಪೆಕ್ಟ್', 'ಹೋಪ್', 'ವಿಶ್' ಇವುಗಳಲ್ಲಿ ಗೊಂದಲ ಇದೆ.

ಬಸ್ ಸ್ಟಾಪಿನಲ್ಲಿ ನಿಂತರೆ 'ವೇಟ್ ಫಾರ್'. ಹತ್ತು ಗಂಟೆಗೆ ಬರುತ್ತದೆ ಅನ್ನುವ ಲೆಕ್ಕ ಮನಸ್ಸಿನಲ್ಲಿದ್ದರೆ 'ಎಕ್ಸ್‌ಪೆಕ್ಟ್'. ಬಂದರೆ ಸಾಕಪ್ಪ ಅನ್ನಿಸಿದರೆ 'ಹೋಪ್'. ಇನ್ನೂ ಬೇಗ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿದರೆ 'ವಿಶ್'. 'ಹೋಪ್' ಮಾಡಿದ್ದು ಆಗಬಹುದು. 'ಐ ವಿಶ್ ಐ ಹ್ಯಾಡ್' ಅಂತ ಶುರುವಾದರೆ ಅದು ಆಗಿಲ್ಲ, ಅಥವಾ ಇಲ್ಲ. 'ಐ ವಿಶ್ ಐ ಹ್ಯಾಡ್ ಎ ಕಾರ್' ಅಂದವರ ಹತ್ತಿರ ಕಾರು ಇಲ್ಲ. 'ಹ್ಯಾಡ್' ಇದ್ದರೂ ಇದು ಹಿಂದಿನ ಮಾತಲ್ಲ, ಈಗಿನ ಮಾತೇ. ನಮ್ಮಲ್ಲೂ 'ಕಾರು ಇದ್ದಿದ್ದರೆ' ಅಂತಲೇ ಹೇಳುತ್ತೇವಲ್ಲ.

'ಸ್ಟಾಪ್' ಆದಮೇಲೆ 'ಟು' ಬರಬೇಕಾ, 'ಇಂಗ್' ಬರಬೇಕಾ?

ಎರಡೂ ಬರುತ್ತವೆ, ಅರ್ಥ ಬೇರೆ. 'ಶೀ ಸ್ಟಾಪ್ಡ್ ಟಾಕಿಂಗ್' ಅಂದರೆ ಮಾತು ನಿಲ್ಲಿಸಿದಳು. 'ಶೀ ಸ್ಟಾಪ್ಡ್ ಟು ಟಾಕ್' ಅಂದರೆ ಮಾತಾಡಲು ನಿಂತಳು. 'ರಿಮೆಂಬರ್' ಕೂಡ ಹೀಗೆ. 'ಐ ರಿಮೆಂಬರ್ಡ್ ಟು ಲಾಕ್ ದ ಡೋರ್' ಅಂದರೆ ಮರೆಯದೆ ಬೀಗ ಹಾಕಿದೆ. 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಅಂದರೆ ಹಾಕಿದ್ದು ನೆನಪಿದೆ. ಈ ಎರಡು ಪದಗಳಲ್ಲಿ 'ಟು' ಮುಂದೆ ನೋಡುತ್ತದೆ, 'ಇಂಗ್' ಹಿಂದೆ ನೋಡುತ್ತದೆ.

'ಅಫೆಕ್ಟ್' ಮತ್ತು 'ಎಫೆಕ್ಟ್', 'ಅಡ್ವೈಸ್' ಮತ್ತು 'ಅಡ್ವೈಝ್'. ಇವು ಕಾಗುಣಿತದ ತಪ್ಪಾ?

ಬರೆಯುವಾಗಲೇ ಜಾಸ್ತಿ ಕಾಡುತ್ತವೆ. 'ಎ' ಅಕ್ಷರದಿಂದ ಶುರುವಾಗುವ 'ಅಫೆಕ್ಟ್' ಸಾಮಾನ್ಯವಾಗಿ ಕ್ರಿಯಾಪದ, ಪರಿಣಾಮ ಬೀರು. 'ಇ' ಅಕ್ಷರದ್ದು ನಾಮಪದ, ಪರಿಣಾಮ. 'ಎಫೆಕ್ಟ್ ಎ ಚೇಂಜ್' ಅಂತ ಕ್ರಿಯಾಪದವಾಗಿಯೂ ಬರುತ್ತದೆ, ಬದಲಾವಣೆ ತರು ಅಂತ ಅರ್ಥ. ಅದು ಅಪರೂಪ. ಸಲಹೆ ಅನ್ನುವ ನಾಮಪದದಲ್ಲಿ 'ಸಿ' ಅಕ್ಷರ, ಸಲಹೆ ಕೊಡು ಅನ್ನುವ ಕ್ರಿಯಾಪದದಲ್ಲಿ 'ಎಸ್' ಅಕ್ಷರ. ಕೊನೆಯ ಸದ್ದೂ ಬೇರೆ. 'ಪ್ರಾಕ್ಟೀಸ್' ಪದವನ್ನು ಬ್ರಿಟಿಷರು ಇದೇ ರೀತಿ ಬರೆಯುತ್ತಾರೆ, ಅಮೆರಿಕದವರು ಎರಡಕ್ಕೂ 'ಸಿ' ಹಾಕುತ್ತಾರೆ. ಕಳೆದುಕೋ ಅನ್ನುವ 'ಲೂಝ್' ಪದಕ್ಕೆ ಒಂದೇ 'ಓ'. ಎರಡು 'ಓ' ಹಾಕಿದರೆ ಸಡಿಲ ಅಂತ ಆಗುತ್ತದೆ.

ಯಾವ ಡಿಕ್ಷನರಿ ಇಟ್ಟುಕೊಳ್ಳಲಿ?

ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಯಾವುದಾದರೂ ಆಗುತ್ತದೆ. ಬರೀ ಅರ್ಥ ಕೊಡುವ ಡಿಕ್ಷನರಿ ಈ ಕೆಲಸಕ್ಕೆ ಸಾಲದು. ಎ. ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಿದ್ದರು. ಕಲಿಯುವವರಿಗೆ ಅರ್ಥ ಗೊತ್ತಿದ್ದರೂ ವಾಕ್ಯ ಕಟ್ಟುವಲ್ಲಿ ತೊಡಕಾಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಅವರು ಸಹೋದ್ಯೋಗಿಗಳ ಜೊತೆ ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಕ್ರಿಯಾಪದದ ಪಕ್ಕದಲ್ಲಿ ಏನೇನು ಬರಬಹುದು ಅನ್ನುವ ಮಾದರಿಗಳನ್ನು ಅದರಲ್ಲಿ ಕೊಟ್ಟಿದ್ದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ಇವತ್ತಿನ ಲರ್ನರ್ಸ್ ಡಿಕ್ಷನರಿಗಳಲ್ಲೂ ಅರ್ಥದ ಜೊತೆ ಈ ಮಾದರಿಗಳಿರುತ್ತವೆ. ನಾವು ಸುಮ್ನೆ ದಾಟಿಕೊಂಡು ಹೋಗುವ ಆ ಸಣ್ಣ ಅಕ್ಷರದ ಭಾಗವೇ ಮುಖ್ಯ.

ಮಾತಾಡುವಾಗ ಇಷ್ಟೆಲ್ಲ ಯೋಚಿಸಲು ಸಮಯ ಎಲ್ಲಿರುತ್ತದೆ?

ಮಾತಾಡುವಾಗ ಯೋಚಿಸಲೇಬೇಡಿ. ಬಾಯಿಗೆ ಬಂದದ್ದನ್ನು ಹೇಳಿ ಮುಂದೆ ಹೋಗಿ, ಎದುರಿನವರಿಗೆ ಅರ್ಥವಾಗಿಯೇ ಆಗುತ್ತದೆ. ತಿದ್ದುವ ಕೆಲಸ ಆಮೇಲೆ, ಒಬ್ಬರೇ ಇರುವಾಗ. ವಾರಕ್ಕೆ ಒಂದೇ ಜೋಡಿ ತೆಗೆದುಕೊಳ್ಳಿ. ಆ ದಿನ ನಿಜವಾಗಿ ನಡೆದ ವಿಷಯದ ಮೇಲೆ ದಿನಾ ಎರಡು ವಾಕ್ಯ ಬರೆಯಿರಿ, ಎರಡೆರಡು ಸಲ ಜೋರಾಗಿ ಹೇಳಿ. ಮೊದಲ ವಾರ 'ಸೇ' ಮತ್ತು 'ಟೆಲ್' ಇಟ್ಟುಕೊಳ್ಳಿ. ದಿನಕ್ಕೆ ಹತ್ತಾರು ಸಲ ಬೇಕಾಗುವ ಪದಗಳು ಅವೇ. 'ಲೈ' ಮತ್ತು 'ಲೇ' ಕೊನೆಗಿರಲಿ.